"ಮಾತು ಬರಲು ಯಾವ ಕಾರ್ಟೂನ್ ಹಾಕಬೇಕು?": ಓದುಗರ ಪ್ರಶ್ನೆಗೆ ಸ್ಪೀಚ್ ಥೆರಪಿಸ್ಟ್ ಉತ್ತರ

ಮಕ್ಕಳ ಟಿವಿ ಕಾರ್ಯಕ್ರಮಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದಿದ್ದಕ್ಕೆ ಮಂಗಳೂರು, ಉಡುಪಿ ಕಡೆಯಿಂದ ರಾಶಿ ಪತ್ರ ಬಂದಿವೆ. ಓದುತ್ತಾ ಹೋದಂತೆ ಸ್ವಲ್ಪ ಸಿಟ್ಟೂ ಬಂತು. ಹೆಚ್ಚಿನವುಗಳಲ್ಲಿ ಇರುವುದು ಒಂದೇ ಪ್ರಶ್ನೆ. ಕ್ಲಿನಿಕ್‌ನಲ್ಲಿ ದಿನಾ ನನ್ನ ಎದುರು ಬರುವುದೂ ಅದೇ. ಹಾಗಾಗಿ ಜಾಗವೆಲ್ಲ ಅದಕ್ಕೇ ಹೋಗುತ್ತದೆ. ಉಳಿದವಕ್ಕೆ ಚುಟುಕು ಉತ್ತರ ಸಾಕು.

"ದಿನಕ್ಕೆ ಎಷ್ಟು ಗಂಟೆ ಟಿವಿ?" ಎಂದಷ್ಟೇ ಕೇಳಿದವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಎರಡು ವರ್ಷದ ಒಳಗೆ ಬೇಡವೇ ಬೇಡ. ಎರಡರಿಂದ ಐದರವರೆಗೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಮಕ್ಕಳ ಡಾಕ್ಟರುಗಳ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2021ರಲ್ಲಿ ಹೇಳಿದ್ದು ಇದನ್ನೇ. ಈ ಲೆಕ್ಕ ಗೊತ್ತಿಲ್ಲದ ತಂದೆತಾಯಿ ಈಗ ಕಡಿಮೆ. ಗೊತ್ತಿದ್ದೂ ತೊಂದರೆ ಯಾಕೆ ಬರುತ್ತದೆ ಎನ್ನುವುದು ಮುಂದಿನ ಪ್ರಶ್ನೆಯಲ್ಲಿದೆ.

ಪ್ರಶ್ನೆ: ಮಗನಿಗೆ ಎರಡು ವರ್ಷ ನಾಲ್ಕು ತಿಂಗಳು. ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಅವನನ್ನು ನೋಡಿಕೊಳ್ಳುವುದು ಅತ್ತೆ. ಇಂಗ್ಲಿಷ್ ರೈಮ್ಸ್ ಪೂರ್ತಿ ಹಾಡುತ್ತಾನೆ. ಇಪ್ಪತ್ತರವರೆಗೆ ಎಣಿಸುತ್ತಾನೆ. ಕಲರ್ ಎಲ್ಲ ಗೊತ್ತು. ಕಾರ್ಟೂನ್ ನೋಡಿ "ನಹೀ", "ಚಲೋ" ಅಂತಾನೆ. ಆದರೆ ನೀರು ಬೇಕಾದರೆ ಕೈ ಹಿಡಿದು ಎಳೆಯುತ್ತಾನೆ. ಹೆಸರು ಕರೆದರೆ ತಿರುಗುವುದು ಕಡಿಮೆ. ಮನೆಯಲ್ಲಿ ತುಳು, ಅವನ ಹತ್ತಿರ ನಾವು ಕನ್ನಡ, ಇಂಗ್ಲಿಷ್. ಭಾಷೆ ಜಾಸ್ತಿ ಆಯಿತು ಎಂದು ಒಬ್ಬರು, ಅವನ ಅಪ್ಪನಿಗೂ ತಡವಾಗಿ ಮಾತು ಬಂದದ್ದು ಎಂದು ಇನ್ನೊಬ್ಬರು. ಅತ್ತೆ ನಾಲಿಗೆಗೆ ಬಜೆ ತೇದು ಹಚ್ಚುತ್ತಾರೆ. ಒಂದು ಸೆಂಟರ್‌ನಲ್ಲಿ ಇದು ಸ್ಕ್ರೀನ್ ಜಾಸ್ತಿಯಾಗಿ ಬರುವ ವರ್ಚುವಲ್ ಆಟಿಸಂ, ಮೂರು ತಿಂಗಳ ಪ್ಯಾಕೇಜ್‌ನಲ್ಲಿ ಸರಿ ಮಾಡುತ್ತೇವೆ ಎಂದರು. ಮಾತು ಬರಲು ಯಾವ ಕಾರ್ಟೂನ್ ಒಳ್ಳೆಯದು? (ಸುರತ್ಕಲ್ ಕಡೆಯ ತಾಯಿ)

ಉತ್ತರ: ಕೊನೆಯದಕ್ಕೆ ಮೊದಲು ಉತ್ತರಿಸುತ್ತೇನೆ ಅಮ್ಮ. ಯಾವ ಕಾರ್ಟೂನೂ ಅಲ್ಲ. ಇಂಗ್ಲಿಷ್ ರೈಮ್ಸ್ ತೆಗೆದು ಕನ್ನಡ ಶಿಶುಗೀತೆ ಹಾಕಿದರೂ ಆಗುವುದಿಲ್ಲ. ಈ ವಯಸ್ಸಿನ ಮಗುವಿಗೆ ಮಾತು ಬರುವುದು, ತಾನು "ಆ" ಅಂದಾಗ ತಿರುಗಿ ನೋಡಿ ಉತ್ತರ ಕೊಡುವವರಿಂದ. ಟಿವಿ ಇಡೀ ದಿನ ಮಾತಾಡುತ್ತದೆ, ಆದರೆ ನಿಮ್ಮ ಮಗ ಏನು ಹೇಳಿದ ಎಂದು ಒಮ್ಮೆಯೂ ಕೇಳಿಸಿಕೊಳ್ಳುವುದಿಲ್ಲ.

ಎಣಿಸುತ್ತಾನೆ, ಆದರೆ ನೀರು ಕೇಳಲು ಬರುವುದಿಲ್ಲ ಎಂದು ನೀವೇ ಬರೆದಿದ್ದೀರಿ. ನನಗೆ ಮುಖ್ಯ ಆ ಎರಡನೆಯ ಮಾತು. ರೈಮ್ಸ್, ಎಬಿಸಿಡಿ, ಕಲರ್ ಇವನ್ನು ನಾನು ಮಾತಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವು ಕೇಳಿ ಕೇಳಿ ಬಾಯಿಗೆ ಬಂದವು. ಏನೋ ಬೇಕು, ಬೇಡ, ಬಾ, ನೋಡು ಎಂದು ಇನ್ನೊಬ್ಬರಿಗೆ ತಿಳಿಸಲು ಬಳಸಿದ ಪದ ಮಾತ್ರ ಲೆಕ್ಕಕ್ಕೆ. ಎರಡು ವರ್ಷಕ್ಕೆ ಅಂಥ ಸುಮಾರು 50 ಪದ ಇರಬೇಕು. ಎರಡು ಪದ ಜೋಡಿಸಲೂ ಬರಬೇಕು. ತುಳುವಿನ "ನೀರ್ ಬೋಡು" ಆಗಬಹುದು, ಕೊಂಕಣಿಯ "ಉದಾಕ್ ಜಾಯ್" ಆಗಬಹುದು, ಕುಂದಾಪುರದ "ನೀರ್ ಬೇಕ್" ಆಗಬಹುದು. ಯಾವ ಭಾಷೆಯಲ್ಲಾದರೂ ನನಗೆ ಸಂತೋಷವೇ. ನಿಮ್ಮ ಮಗನಿಗೆ ಇದು ಬಂದಿಲ್ಲ. ಆದ್ದರಿಂದ ಕಾಯುತ್ತಾ ಕೂರುವ ಕಾಲ ಮುಗಿದಿದೆ.

ಈ ವಾರವೇ ಕಿವಿ ಪರೀಕ್ಷೆ ಮಾಡಿಸಿ. "ಅವನಿಗೆ ಕಿವಿ ಚೆನ್ನಾಗಿ ಕೇಳುತ್ತದೆ, ಟಿವಿ ಹಾಕಿದರೆ ಅಡುಗೆಮನೆಯಿಂದ ಓಡಿ ಬರುತ್ತಾನೆ" ಎಂದು ಹೆಚ್ಚಿನ ತಾಯಂದಿರು ಹೇಳುತ್ತಾರೆ. ದೊಡ್ಡ ಸದ್ದು ಕೇಳುವುದು ಬೇರೆ, ಮಾತಿನ ಸಣ್ಣ ಸಣ್ಣ ವ್ಯತ್ಯಾಸ ಕೇಳುವುದು ಬೇರೆ. ಶೀತ ಮತ್ತೆ ಮತ್ತೆ ಆಗುವ ಮಕ್ಕಳಿಗೆ ಕಿವಿಯ ತಮಟೆಯ ಹಿಂದೆ ನೀರು ಕಟ್ಟಿಕೊಳ್ಳುತ್ತದೆ. ಆಗ ಮಾತು ಮಸುಕಾಗಿ ಕೇಳುತ್ತದೆ. ಒಂದು ವಾರ ಕೇಳಬಹುದು, ಇನ್ನೊಂದು ವಾರ ಇಲ್ಲ. ನಮ್ಮ ಮಳೆಗಾಲದಲ್ಲಿ ಯಾವ ಮಗುವಿಗೆ ಶೀತ ಇರುವುದಿಲ್ಲ ಹೇಳಿ? ಹುಟ್ಟಿದಾಗ ಕಿವಿಯ ಟೆಸ್ಟ್ ಪಾಸಾಗಿದ್ದರೂ ಈ ತೊಂದರೆ ಆಮೇಲೆ ಬರಬಹುದು. ಹಿಂದಿನಿಂದ ಪಾತ್ರೆ ಬಡಿದು ನೋಡುವುದು ಪರೀಕ್ಷೆಯಲ್ಲ. ಕೇಳುವ ಶಕ್ತಿ ಪರೀಕ್ಷಿಸುವ ಆಡಿಯಾಲಜಿಸ್ಟ್ ಹತ್ತಿರ ಹೋಗಿ. ಮಂಗಳೂರು, ಮಣಿಪಾಲದಲ್ಲಿ ಈ ವಿಷಯವನ್ನೇ ಕಲಿಸುವ ಕಾಲೇಜುಗಳಿವೆ, ಅವುಗಳ ಆಸ್ಪತ್ರೆಯಲ್ಲಿ ಪರೀಕ್ಷೆ ಆಗುತ್ತದೆ. ಅಷ್ಟು ಖರ್ಚು ಕಷ್ಟವಾದರೆ ಸರ್ಕಾರಿ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಮಕ್ಕಳ ಬೆಳವಣಿಗೆಯ ತೊಂದರೆ ಬೇಗ ಕಂಡುಹಿಡಿಯಲೆಂದೇ 2013ರಿಂದ ಸರ್ಕಾರದ ಯೋಜನೆ ಇದೆ.

ಇನ್ನು ಟಿವಿ ಮಾತು ಕಲಿಸುತ್ತದೆ ಎಂಬ ನಂಬಿಕೆ. ಇದು ನನ್ನೊಬ್ಬಳ ಅಭಿಪ್ರಾಯದ ಪ್ರಶ್ನೆ ಅಲ್ಲ. ಪರೀಕ್ಷಿಸಿ ನೋಡಿದ್ದಾರೆ. 2003ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಒಂಬತ್ತು ತಿಂಗಳ ಇಂಗ್ಲಿಷ್ ಮನೆಯ ಕೂಸುಗಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿದರು. ಕೆಲವು ಮಕ್ಕಳ ಎದುರು ಮನುಷ್ಯರೇ ಕೂತು ಆಟಿಕೆ ತೋರಿಸಿ ಮಾತಾಡಿದರು. ಇನ್ನು ಕೆಲವಕ್ಕೆ ಅದೇ ಜನ, ಅದೇ ಮಾತು, ಆದರೆ ಟಿವಿಯಲ್ಲಿ. ಹನ್ನೆರಡು ಸಲ ಹೀಗೆ ಮಾಡಿದ ಮೇಲೆ ನೋಡಿದರೆ, ಮನುಷ್ಯರ ಜೊತೆ ಕೂತ ಮಕ್ಕಳು ಮ್ಯಾಂಡರಿನ್ ಧ್ವನಿಗಳನ್ನು ಗುರುತಿಸಿದವು. ಟಿವಿ ನೋಡಿದವು ಏನೂ ಕಲಿತಿರಲಿಲ್ಲ.

2010ರ ಇನ್ನೊಂದು ಅಧ್ಯಯನ ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರ. ಒಂದರಿಂದ ಒಂದೂವರೆ ವರ್ಷದ ಮಕ್ಕಳಿಗೆ ಪದ ಕಲಿಸುವ ಡಿವಿಡಿಯನ್ನು ನಾಲ್ಕು ವಾರ ತೋರಿಸಿದರು. ಡಿವಿಡಿ ನೋಡಿದ ಮಕ್ಕಳು, ಏನೂ ನೋಡದ ಮಕ್ಕಳಿಗಿಂತ ಹೆಚ್ಚು ಪದ ಕಲಿಯಲಿಲ್ಲ. ಎಲ್ಲರಿಗಿಂತ ಹೆಚ್ಚು ಕಲಿತದ್ದು, ಡಿವಿಡಿ ಇಲ್ಲದೆ ಮನೆಯವರೇ ದಿನದ ಕೆಲಸದ ಮಧ್ಯೆ ಅದೇ ಪದ ಹೇಳಿಕೊಟ್ಟ ಮಕ್ಕಳು. ನನಗೆ ಬಹಳ ಮುಖ್ಯ ಅನ್ನಿಸಿದ್ದು ಇನ್ನೊಂದು ಸಂಗತಿ. ಆ ಡಿವಿಡಿ ತುಂಬ ಇಷ್ಟಪಟ್ಟ ತಂದೆತಾಯಿ, ಮಗು ಅದರಿಂದ ಬಹಳ ಕಲಿಯಿತು ಎಂದು ಗಟ್ಟಿಯಾಗಿ ನಂಬಿದ್ದರು. ಮಕ್ಕಳು ಕಲಿತಿರಲಿಲ್ಲ. "ಡಾಕ್ಟ್ರೇ, ಆ ಶೋ ನೋಡಿಯೇ ಇವಳು ಇಷ್ಟು ಹುಷಾರಾದದ್ದು" ಎಂದು ಯಾರಾದರೂ ಹೇಳಿದಾಗೆಲ್ಲ ನನಗೆ ಇದು ನೆನಪಾಗುತ್ತದೆ. ನಾವು ತಂದೆತಾಯಿ ನಮಗಿಷ್ಟವಾದ ಶೋಗೆ ಕೊಡುವ ಮಾರ್ಕು ಮಗುವಿನ ಮಾರ್ಕು ಅಲ್ಲ.

ಹಾಗಾದರೆ ಟಿವಿಯೇ ಇವನ ಮಾತು ಕಿತ್ತುಕೊಂಡಿತಾ? ಇಲ್ಲೂ ಅವಸರ ಬೇಡ. ಟಿವಿ ಆಫ್ ಮಾಡಿ ಆರು ತಿಂಗಳು ಕಾದು ನೋಡುತ್ತೇವೆ ಎಂದು ಹೋದವರಿದ್ದಾರೆ. ಆ ಆರು ತಿಂಗಳು ಮಗುವಿನ ಪಾಲಿಗೆ ನಷ್ಟ. ಕಿವಿಯ ದೋಷ ಇದ್ದರೆ ಟಿವಿ ಆಫ್ ಮಾಡಿದರೆ ಹೋಗುವುದಿಲ್ಲ. ಆಟಿಸಂ ಇದ್ದರೂ ಹಾಗೇ. ಹೆಸರು ಕರೆದರೆ ತಿರುಗದಿರುವುದು, ಬೆರಳು ತೋರಿಸಿ "ಅದು ನೋಡು" ಎನ್ನದಿರುವುದು, ಕೈ ಹಿಡಿದು ಎಳೆಯುವುದು ಇವನ್ನು ನಾನು ಯಾವತ್ತೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಇಷ್ಟರಿಂದಲೇ ಆಟಿಸಂ ಎನ್ನಲಾಗದು. ಆದರೆ ಮಕ್ಕಳ ಬೆಳವಣಿಗೆಯ ಡಾಕ್ಟರು ಕೂತು ನೋಡಲೇಬೇಕು.

ಅದಕ್ಕೇ ಆ ಮೂರು ತಿಂಗಳ ಪ್ಯಾಕೇಜ್ ಓದಿ ನನಗೆ ಸಿಟ್ಟು ಬಂದದ್ದು. ವರ್ಚುವಲ್ ಆಟಿಸಂ ಎಂಬ ರೋಗ ವೈದ್ಯರು ಬಳಸುವ ರೋಗಪಟ್ಟಿಯಲ್ಲಿ ಇಲ್ಲ. ಸ್ಕ್ರೀನ್ ಕಡಿಮೆ ಮಾಡಿ, ಜನ ಜೊತೆಗೆ ಕೂತು ಆಡಿದರೆ ಅನೇಕ ಮಕ್ಕಳು ಬೇಗ ಸುಧಾರಿಸುತ್ತಾರೆ, ಅದು ನಿಜ. ಆದರೆ ಕಿವಿ ಪರೀಕ್ಷೆ ಮಾಡದೆ, ಮಗುವನ್ನು ಸರಿಯಾಗಿ ನೋಡದೆ, ಬಾಗಿಲಲ್ಲೇ ರೋಗದ ಹೆಸರು ಮತ್ತು ದರ ಎರಡನ್ನೂ ಹೇಳುವವರ ಹತ್ತಿರ ಹೋಗಬೇಡಿ. ಇಷ್ಟು ದಿನದಲ್ಲಿ ಮಾತು ಬರಿಸುತ್ತೇನೆ ಎಂದು ಗ್ಯಾರಂಟಿ ಕೊಡುವ ಥೆರಪಿಸ್ಟ್ ಯಾರೇ ಇರಲಿ, ಎದ್ದು ಬನ್ನಿ.

ಬಜೆ ನಿಲ್ಲಿಸಿ. ಇದನ್ನು ಅತ್ತೆಗೆ ಹೇಳುವುದು ಕಷ್ಟ ಎಂದು ನನಗೆ ಗೊತ್ತು. ನಮ್ಮ ಕಡೆ ತಲೆತಲಾಂತರದಿಂದ ಹಚ್ಚುತ್ತಾ ಬಂದಿದ್ದಾರೆ. ಆದರೆ ಬಜೆಯಿಂದ ಮಾತು ಬರುವುದಿಲ್ಲ. ಅದರಲ್ಲಿ ಬೀಟಾ ಅಸರೋನ್ ಎಂಬ ಅಂಶ ಇದೆ. ಪ್ರಯೋಗದ ಪ್ರಾಣಿಗಳಲ್ಲಿ ಅದು ಕ್ಯಾನ್ಸರ್ ತಂದದ್ದರಿಂದ ಅಮೆರಿಕದಲ್ಲಿ 1968ರಲ್ಲೇ ಬಜೆಯನ್ನು ಆಹಾರಕ್ಕೆ ಸೇರಿಸುವುದನ್ನು ನಿಷೇಧಿಸಿದರು. ಡಾಕ್ಟರು ಬೇಡ ಎಂದರು ಎಂದು ನನ್ನ ಮೇಲೇ ಹಾಕಿ ಹೇಳಿ, ಪರವಾಗಿಲ್ಲ. ನಾಲಿಗೆಯ ಅಡಿಯ ಪೊರೆ ಕತ್ತರಿಸಿದರೆ ಮಾತು ಬರುತ್ತದೆ ಎಂದು ಯಾರಾದರೂ ಹೇಳಿದರೆ ಅದನ್ನೂ ನಂಬಬೇಡಿ. ಆ ಪೊರೆಯಿಂದ ಒಂದೆರಡು ಅಕ್ಷರ ತೊದಲಬಹುದು. ಮಾತೇ ನಿಲ್ಲುವುದಿಲ್ಲ.

ಭಾಷೆ ಜಾಸ್ತಿ ಆಯಿತು ಎನ್ನುವವರಿಗೆ ಏನು ಹೇಳಲಿ! ನಮ್ಮ ಜಿಲ್ಲೆಯಲ್ಲಿ ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ, ಅಂಗಡಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಎಂದು ಎಷ್ಟು ತಲೆಮಾರು ಬೆಳೆದಿಲ್ಲ? ಎರಡು ಮೂರು ಭಾಷೆ ಕೇಳಿದ್ದರಿಂದ ಮಗುವಿಗೆ ಮಾತು ತಡವಾಗುವುದಿಲ್ಲ. ತಡವಾಗಿದ್ದರೆ ಕಾರಣ ಬೇರೆ ಇರುತ್ತದೆ, ಅದನ್ನು ಹುಡುಕಬೇಕು. ಶಾಲೆಯ ಇಂಟರ್‌ವ್ಯೂಗೆ ತಯಾರಿ ಎಂದು ಅಜ್ಜಿಯ ತುಳು ನಿಲ್ಲಿಸಿ, ಅವರಿಗೆ ಬಾರದ ಇಂಗ್ಲಿಷ್‌ನಲ್ಲಿ "ಕಮ್", "ಈಟ್" ಎನ್ನಿಸುವುದು ನನಗೆ ಸಹಿಸಲಾಗದ ಸಂಗತಿ. ಹಗಲೆಲ್ಲ ಮಗುವಿನ ಜೊತೆ ಇರುವವರು ಅವರು. ಅವರ ಬಾಯಿಗೆ ಸಲೀಸಾಗಿ ಬರುವ ಭಾಷೆಯೇ ಅವನಿಗೆ ಸಿಗಬಹುದಾದ ಅತಿ ಹೆಚ್ಚು ಮಾತು. ಅದನ್ನೇ ಮುಚ್ಚಿಬಿಟ್ಟು ಮಾತು ಬರಲಿಲ್ಲ ಎಂದರೆ ಹೇಗೆ?

"ಕಾರ್ಟೂನ್ ನೋಡಿ ಮಕ್ಕಳು ಹಿಂದಿ ಕಲಿಯುತ್ತಾರಲ್ಲ, ಮಾತು ಹೇಗೆ ಕಲಿಯುವುದಿಲ್ಲ?" ಎಂದು ನೀವು ಕೇಳಬಹುದು. ಕಲಿಯುತ್ತಾರೆ, ದೊಡ್ಡವರಾದ ಮೇಲೆ. ಬಾಂಗ್ಲಾದೇಶದಲ್ಲಿ ಮಕ್ಕಳು ಹಿಂದಿ ಡೋರೇಮಾನ್ ನೋಡಿ ಹಿಂದಿ ಮಾತಾಡತೊಡಗಿದರು ಎಂದು 2013ರಲ್ಲಿ ಅದರ ಪ್ರಸಾರವನ್ನೇ ನಿಲ್ಲಿಸಿದರು. ಆದರೆ ಅವರು ಆಗಲೇ ಬಂಗಾಳಿ ಗಟ್ಟಿಯಾಗಿದ್ದ ಮಕ್ಕಳು. ಕೈಯಲ್ಲಿ ಒಂದು ಭಾಷೆ ಇದ್ದರೆ ಎರಡನೆಯದನ್ನು ಟಿವಿಯಿಂದ ಹೆಕ್ಕಬಹುದು. ಮೊದಲನೆಯದನ್ನು ಜನರೇ ಕೊಡಬೇಕು. ನಿಮ್ಮ ಮಗನಿಗೆ ಇನ್ನೂ ಮೊದಲನೆಯದೇ ಬಂದಿಲ್ಲ.

ಇನ್ನೊಂದು ಟಿವಿ ಇದೆ, ಅದರ ಬಗ್ಗೆ ಯಾರೂ ಕೇಳುವುದಿಲ್ಲ. ಸಂಜೆ ಏಳರಿಂದ ಹತ್ತರವರೆಗಿನ ಧಾರಾವಾಹಿ. ಮಗು ಅದನ್ನು ನೋಡುವುದಿಲ್ಲ, ಅವನ ಪಾಡಿಗೆ ಆಡುತ್ತಾನೆ ಎನ್ನುತ್ತೀರಿ. ಅಮೆರಿಕದಲ್ಲಿ ಮಕ್ಕಳ ಅಂಗಿಗೆ ಸಣ್ಣ ರೆಕಾರ್ಡರ್ ಕಟ್ಟಿ ಮನೆಯ ಮಾತು ಎಣಿಸಿದರು. 2009ರಲ್ಲಿ ಬಂದ ಆ ಲೆಕ್ಕದ ಪ್ರಕಾರ ಟಿವಿ ಸದ್ದು ಮಾಡುತ್ತಿರುವ ಪ್ರತಿ ಗಂಟೆಗೆ ಮಗುವಿನ ಕಿವಿಗೆ ಬೀಳುವ ದೊಡ್ಡವರ ಮಾತು ಸುಮಾರು 770 ಪದದಷ್ಟು ಕಡಿಮೆಯಾಗುತ್ತದೆ. ಟಿವಿ ಹತ್ತಿದರೆ ದೊಡ್ಡವರ ಬಾಯಿ ಮುಚ್ಚುತ್ತದೆ, ಅಷ್ಟೇ. ನೀವು ಆಫೀಸಿನಿಂದ ಬಂದು ಮಗನ ಜೊತೆ ಇರುವುದೇ ಆ ಹೊತ್ತು. ಯಾವ ಕಾರ್ಟೂನ್ ಎಂದು ತಲೆ ಕೆಡಿಸಿಕೊಳ್ಳುವ ಮೊದಲು ಆ ಹೊತ್ತಿನ ಟಿವಿ ಆಫ್ ಮಾಡಿ.

ಮಂಡಿನೋವಿನ ಅಜ್ಜಿ ಹಗಲೆಲ್ಲ ಎರಡು ವರ್ಷದ ಹುಡುಗನ ಹಿಂದೆ ಓಡಲು ಆಗುವುದಿಲ್ಲ. ಟಿವಿ ಅವರಿಗೆ ಉಸಿರು ಬಿಡುವ ಹೊತ್ತು. ಅದನ್ನು ಒಂದೇ ಸಲ ಕಿತ್ತುಕೊಂಡು "ಇನ್ನು ನೀವೇ ನೋಡಿಕೊಳ್ಳಿ" ಎನ್ನಬೇಡಿ. ಅಜ್ಜಿಯ ದಿನದ ಕೆಲಸದೊಳಗೇ ಮಗುವನ್ನು ಸೇರಿಸಿ. ಬಸಳೆ ಎಲೆ ಬಿಡಿಸುವಾಗ ಪಕ್ಕದಲ್ಲಿ ಕೂರಿಸಿಕೊಳ್ಳಲಿ, ಒಂದೊಂದೇ ಎಲೆ ಅವನ ಕೈಗೆ ಕೊಟ್ಟು ಪಾತ್ರೆಗೆ ಹಾಕಿಸಲಿ. ಮೀನಿನವರ ಹಾರ್ನ್ ಕೇಳಿದಾಗ ಗೇಟಿನವರೆಗೆ ಕರೆದುಕೊಂಡು ಹೋಗಲಿ. ಅಲ್ಲಿ ಬಂಗುಡೆ, ಬೂತಾಯಿ, ಬೆಕ್ಕು, ದುಡ್ಡು, ಚೀಲ ಎಂದು ಎಷ್ಟು ಮಾತು ಬರುತ್ತದೆ ನೋಡಿ. ಮಧ್ಯಾಹ್ನ ಅರ್ಧ ಗಂಟೆ ಅಜ್ಜಿಗೆ ಕಾಲು ಚಾಚಲು ಟಿವಿ ಬೇಕೇ ಬೇಕು ಎಂದಾದರೆ ಅಷ್ಟು ಇರಲಿ. ನಾನು ಅದಕ್ಕೆ ಜಗಳ ಮಾಡುವುದಿಲ್ಲ.

ಊಟದ ಹೊತ್ತಿಗೆ ಮಾತ್ರ ಟಿವಿ ಬೇಡ. ಇದರಲ್ಲಿ ನನಗೆ ರಾಜಿ ಇಲ್ಲ. ಗಂಜಿ ಬಾಯಿಗೆ ಹೋಗುತ್ತಿರುವುದೇ ಗೊತ್ತಿಲ್ಲದೆ ನುಂಗುವ ಮಗುವಿಗೆ "ಸಾಕು", "ಇನ್ನೂ ಬೇಕು", "ಬಿಸಿ" ಎನ್ನುವ ಅವಕಾಶವೇ ಇರುವುದಿಲ್ಲ. ದಿನಕ್ಕೆ ಮೂರು ಸಲ ತಾನಾಗಿ ಬರುವ ಅವಕಾಶ ಅದು. ಆಫ್ ಮಾಡಿದ ಮೊದಲ ಕೆಲವು ದಿನ ಹಠ ಮಾಡುತ್ತಾನೆ, ಕಡಿಮೆ ತಿನ್ನುತ್ತಾನೆ. ಹೆದರಬೇಡಿ, ಹಸಿವಾದರೆ ತಿನ್ನುತ್ತಾನೆ. ತೂಕದ ಚಿಂತೆ ಮೊದಲೇ ಇದ್ದರೆ ಮಕ್ಕಳ ಡಾಕ್ಟರನ್ನು ಕೇಳಿಕೊಂಡೇ ಮಾಡಿ.

ಮಾತಾಡಿಸುವಾಗ "ಇದು ಏನು? ಇದು ಯಾವ ಕಲರ್?" ಎಂದು ಪರೀಕ್ಷೆ ಮಾಡಬೇಡಿ. ನೀರಿನ ಲೋಟ ಕೈಯಲ್ಲಿ ಹಿಡಿದು, ಅವನ ಕಣ್ಣಿನ ಮಟ್ಟಕ್ಕೆ ಕೂತು "ನೀರ್?" ಎನ್ನಿ. ಸುಮ್ನೆ ಕಾಯಿರಿ. ಮನಸ್ಸಲ್ಲೇ ಐದರವರೆಗೆ ಎಣಿಸಿ. ಅವನು ನೋಡಿದರೂ ಸಾಕು, "ನೀ" ಎಂದರೂ ಸಾಕು, "ನೀರ್ ಬೋಡು" ಎಂದು ನೀವೇ ಹೇಳಿ ಕೊಟ್ಟುಬಿಡಿ. ಹೇಳಿದರೆ ಮಾತ್ರ ಕೊಡುತ್ತೇನೆ ಎಂದು ಅಳಿಸಬಾರದು. ಮಾತೆಂದರೆ ಶಿಕ್ಷೆ ಎಂದು ಮಗು ಕಲಿತರೆ ನನಗೂ ಅದನ್ನು ಬಿಡಿಸುವುದು ಕಷ್ಟ.

ಪ್ರಶ್ನೆ: ಮೂರು ವರ್ಷದ ಮಗಳಿಗೆ ಸ್ವಲ್ಪ ಹೊತ್ತು ತೋರಿಸುವುದೇ ಆದರೆ ಯಾವುದು? (ಬಂಟ್ವಾಳ)

ಉತ್ತರ: ನಿಧಾನವಾಗಿ ಸಾಗುವ, ಮನೆ, ಗೆಳೆಯರು, ಆಟ ಇಂಥ ಕಥೆ ಇರುವ ಶೋ. ಪೆಪ್ಪಾ ಪಿಗ್‌ನ ಒಂದು ಕಂತು ಸುಮಾರು ಐದು ನಿಮಿಷ, ಬ್ಲೂಯಿಯದು ಏಳು. ಒಂದೆರಡು ಕಂತು ಮುಗಿದ ತಕ್ಷಣ ಆಫ್ ಮಾಡಿ, ಕಥೆಯ ಮಧ್ಯೆ ಅಲ್ಲ. ತಾನಾಗಿ ಮುಂದಿನದು ಶುರುವಾಗುವ ಸೆಟ್ಟಿಂಗ್ ತೆಗೆದುಬಿಡಿ. ನೀವು ಪಕ್ಕದಲ್ಲಿ ಕೂತು ನಿಮ್ಮ ಮನೆಮಾತಿನಲ್ಲಿ ಕಥೆ ಹೇಳುತ್ತಾ ಹೋಗಿ.

ಪ್ರಶ್ನೆ: ಒಂದೇ ಕಂತನ್ನು ದಿನಾ ನೋಡುತ್ತಾಳೆ. ತೊಂದರೆಯೇ? (ಉಡುಪಿ)

ಉತ್ತರ: ಇಲ್ಲ. ಈ ವಯಸ್ಸಿನವರು ಅರ್ಥ ಮಾಡಿಕೊಳ್ಳುವುದೇ ಹಾಗೆ. 1996ರಲ್ಲಿ ಅಮೆರಿಕದಲ್ಲಿ ಶುರುವಾದ ಬ್ಲೂಸ್ ಕ್ಲೂಸ್ ಶೋದವರು ಒಂದೇ ಕಂತನ್ನು ಬೇಕೆಂದೇ ವಾರದಲ್ಲಿ ಐದು ದಿನ ಹಾಕುತ್ತಿದ್ದರು.

ಪ್ರಶ್ನೆ: ನಾಲ್ಕು ವರ್ಷದವನು ಕಾರ್ಟೂನ್ ಮುಗಿದ ಮೇಲೆ ಹುಚ್ಚಾಪಟ್ಟೆ ಕುಣಿಯುತ್ತಾನೆ, ಹೇಳಿದ್ದು ಕೇಳುವುದಿಲ್ಲ. (ಕಾಪು)

ಉತ್ತರ: ಯಾವ ಕಾರ್ಟೂನ್ ಎಂದು ನೋಡಿ. 2011ರಲ್ಲಿ ನಾಲ್ಕು ವರ್ಷದ 60 ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ವೇಗದ, ಚಿತ್ರವಿಚಿತ್ರ ಘಟನೆಗಳ ಕಾರ್ಟೂನ್, ಒಂದಕ್ಕೆ ನಿಧಾನದ ಶೋ, ಒಂದಕ್ಕೆ ಬಣ್ಣದ ಪೆನ್ಸಿಲ್. ಒಂಬತ್ತೇ ನಿಮಿಷ. ವೇಗದ್ದನ್ನು ನೋಡಿದವರು ಆಮೇಲೆ ತಾಳ್ಮೆ, ಗಮನ ಬೇಕಾದ ಕೆಲಸಗಳಲ್ಲಿ ಹಿಂದೆ ಬಿದ್ದರು. ಅಳೆದದ್ದು ಆ ಕ್ಷಣದ ಪರಿಣಾಮವನ್ನು ಮಾತ್ರ, ಆದ್ದರಿಂದ ಮೆದುಳು ಹಾಳಾಯಿತು ಎಂದು ಹೆದರಬೇಡಿ. ಆದರೆ ಶಾಲೆಗೆ ಹೊರಡುವ ಮೊದಲು, ಮಲಗುವ ಮೊದಲು ಅಂಥದ್ದು ಬೇಡ.

ಪ್ರಶ್ನೆ: ಶಿನ್‌ಚಾನ್ ನೋಡಿ ಆರು ವರ್ಷದವನು ಅಜ್ಜನಿಗೇ ಎದುರು ಮಾತಾಡುತ್ತಾನೆ. ಅದು ಮಕ್ಕಳ ಶೋ ಅಲ್ವಾ? (ಪುತ್ತೂರು)

ಉತ್ತರ: ಅದರ ಮೂಲ ಕಾಮಿಕ್ಸ್ 1990ರಲ್ಲಿ ಜಪಾನಿನ ದೊಡ್ಡವರ ಪತ್ರಿಕೆಯಲ್ಲಿ ಶುರುವಾದದ್ದು. ಪಾಲಕರ ದೂರಿನಿಂದ 2008ರಲ್ಲಿ ನಮ್ಮಲ್ಲೂ ಪ್ರಸಾರ ನಿಂತಿತ್ತು, ಆಮೇಲೆ ಕತ್ತರಿ ಹಾಕಿ ಮತ್ತೆ ಬಂತು. ಆರು ವರ್ಷದವನಿಗೆ ಬೇಡ.

ಪ್ರಶ್ನೆ: ಟಿವಿ ನೋಡುವ ಮಗುವಿಗೆ ನೀಲಿ ಬೆಳಕು ತಡೆಯುವ ಕನ್ನಡಕ ಕೊಡಿಸಬೇಕೇ? (ಮಣಿಪಾಲ)

ಉತ್ತರ: ದುಡ್ಡು ಉಳಿಸಿ. ತೀರಾ ಹತ್ತಿರ ಹೋಗಿ ನೋಡುತ್ತಿದ್ದರೆ ಕಣ್ಣಿನ ಡಾಕ್ಟರಿಗೆ ತೋರಿಸಿ, ದೂರದ್ದು ಕಾಣದೆ ಇರಬಹುದು.

ಪ್ರಶ್ನೆ: ಟಿವಿಯಿಂದ ಹೋದ ಏಕಾಗ್ರತೆ ತರಲು ಮಿಡ್‌ಬ್ರೈನ್ ಆಕ್ಟಿವೇಶನ್ ಸೇರಿಸಬಹುದೇ? (ಮಂಗಳೂರು)

ಉತ್ತರ: ಬೇಡ. ಕಣ್ಣಿಗೆ ಪಟ್ಟಿ ಕಟ್ಟಿ ಓದಿಸುವ ಈ ಮೋಸವನ್ನು ನಮ್ಮ ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅವರೇ ಎಷ್ಟೋ ಸಲ ಬಯಲಿಗೆಳೆದಿದ್ದಾರೆ. ಪಟ್ಟಿಯ ಸಂದಿಯಿಂದ ಇಣುಕಿ ಓದಿ, ಕಾಣುವುದಿಲ್ಲ ಎಂದು ಸುಳ್ಳು ಹೇಳಲು ಮಗು ಅಲ್ಲಿ ಕಲಿಯುತ್ತದೆ.

ಪ್ರಶ್ನೆ: ಮಳೆಗೆ ಡಿಸಿ ರಜೆ ಕೊಟ್ಟ ದಿನ ಟಿವಿ ಬಿಟ್ಟು ಬೇರೆ ದಾರಿಯೇ ಇಲ್ಲ. (ಕುಂದಾಪುರ)

ಉತ್ತರ: ಆ ದಿನ ಒಂದು ಸಿನಿಮಾ ಹಾಕಿ, ಎಲ್ಲರೂ ಕೂತು ನೋಡಿ, ಆಮೇಲೆ ಅದರ ಬಗ್ಗೆ ಮಾತಾಡಿ. ಬೆಳಗ್ಗೆಯಿಂದ ಸಂಜೆವರೆಗೆ ಹಚ್ಚಿಟ್ಟು ಹೋಗಬೇಡಿ. ಸಿಡಿಲು ಇಲ್ಲದಾಗ ಕೊಡೆ ಹಿಡಿದು ಅಂಗಳಕ್ಕೆ ಬಿಟ್ಟರೂ ಏನೂ ಆಗುವುದಿಲ್ಲ.

ಪ್ರಶ್ನೆ: ಗಂಡ ಸೌದಿಯಲ್ಲಿದ್ದಾರೆ. ಮಗಳಿಗೆ ಒಂದೂವರೆ ವರ್ಷ. ಸ್ಕ್ರೀನ್ ಬೇಡ ಎನ್ನುತ್ತೀರಿ, ಹಾಗಾದರೆ ವಿಡಿಯೋ ಕಾಲ್ ಕೂಡ ನಿಲ್ಲಿಸಬೇಕೇ? (ಮೂಡುಬಿದಿರೆ)

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ಅದು ಟಿವಿ ಅಲ್ಲ. ಮಗಳು ನಕ್ಕರೆ ಅಪ್ಪ ನಗುತ್ತಾರೆ, ಗೊಂಬೆ ತೋರಿಸಿದರೆ "ಓ, ಗೊಂಬೆ!" ಎನ್ನುತ್ತಾರೆ. 2014ರ ಒಂದು ಅಧ್ಯಯನದಲ್ಲಿ ಎರಡರಿಂದ ಎರಡೂವರೆ ವರ್ಷದ ಮಕ್ಕಳು ಹೊಸ ಪದಗಳನ್ನು ವಿಡಿಯೋ ಕಾಲ್‌ನಲ್ಲಿ ಮಾತಾಡಿಸಿದವರಿಂದ ಕಲಿತರು. ಮೊದಲೇ ರೆಕಾರ್ಡ್ ಮಾಡಿದ ವಿಡಿಯೋದಿಂದ ಕಲಿಯಲಿಲ್ಲ. ಅದರಲ್ಲಿದ್ದವರು ಅವರಿಗೆ ಉತ್ತರ ಕೊಡುತ್ತಿರಲಿಲ್ಲ.

ಹೊತ್ತು ಮಾತ್ರ ಸರಿ ಮಾಡಿಕೊಳ್ಳಿ. ಸೌದಿ ನಮಗಿಂತ ಎರಡೂವರೆ ಗಂಟೆ ಹಿಂದೆ. ಅವರು ಡ್ಯೂಟಿ ಮುಗಿಸಿ ಅಲ್ಲಿಯ ಎಂಟಕ್ಕೆ ಫೋನ್ ಮಾಡಿದರೆ ಇಲ್ಲಿ ಹತ್ತೂವರೆ, ಮಗುವಿಗೆ ನಿದ್ದೆಯ ಸಿಟ್ಟು. ಅಲ್ಲಿಯ ಬೆಳಗ್ಗೆ ಆರಕ್ಕೆ ಅವರು ಹೊರಡುವ ಮೊದಲು ಮಾಡಲಿ. ಇಲ್ಲಿ ಎಂಟೂವರೆ, ಅವಳು ತಿಂಡಿ ತಿನ್ನುತ್ತಿರುತ್ತಾಳೆ. ಊಟ ತಿಂಡಿಗೆ ಟಿವಿ ಬೇಡ ಎಂದ ನನ್ನ ಮಾತು ಇದಕ್ಕೆ ಅನ್ವಯಿಸುವುದಿಲ್ಲ. ಫೋನನ್ನು ಎದುರು ನಿಲ್ಲಿಸಿ, ನೀವು ಪಕ್ಕದಲ್ಲಿ ಕೂತುಕೊಳ್ಳಿ. ಅಪ್ಪನೂ ಅಲ್ಲಿ ತಮ್ಮ ಚಾ ಹಿಡಿದು ಕೂರಲಿ. "ಹಾಯ್ ಹೇಳು, ರೈಮ್ಸ್ ಹೇಳು" ಎಂದು ಅವಳನ್ನು ಒತ್ತಾಯಿಸುವುದು ಬೇಡ. ದೋಸೆಯ ತುಂಡು ಎತ್ತಿ ಅಪ್ಪನಿಗೆ ತೋರಿಸಿದಾಗ ಅವರು ಬಾಯಿ ತೆರೆದು ತಿಂದಂತೆ ಮಾಡಿ, "ದೋಸೆ! ನನಗೂ ಬೇಕು" ಎಂದರೆ ಸಾಕು.